ನದಿ ಆರಿಸಿತೋ, ಹಳಿ ಆರಿಸಿತೋ? ಜನ ಒಂದೇ ಕಡೆ ಗುಂಪುಗೂಡುವ ಲೆಕ್ಕ

ನಕ್ಷೆಗಾರ

ಸೈಬೀರಿಯಾದ ಎರಡು ಊರುಗಳನ್ನು ಮುಂದಿಟ್ಟು ಚರ್ಚೆ ಶುರು ಮಾಡುತ್ತೇನೆ. 1897ರ ರಷ್ಯನ್ ಜನಗಣತಿಯಲ್ಲಿ ತೋಮ್ಸ್ಕ್ ನಗರಕ್ಕೆ ಸುಮಾರು 52 ಸಾವಿರ ಜನ. 1604ರಿಂದ ಇದ್ದ ಊರು. ಸೈಬೀರಿಯಾದ ಮೊದಲ ವಿಶ್ವವಿದ್ಯಾಲಯ 1888ರಲ್ಲಿ ಪಾಠ ಆರಂಭಿಸಿದ್ದು ಅಲ್ಲಿಯೇ. ವ್ಯಾಪಾರಿಗಳು, ಅಧಿಕಾರಿಗಳು, ಆಡಳಿತ ಎಲ್ಲವೂ ಅಲ್ಲಿಯೇ. ಅಲ್ಲಿಂದ ಇನ್ನೂರು ಕಿಲೋಮೀಟರ್ ನೈರುತ್ಯಕ್ಕೆ, ಓಬ್ ನದಿಯ ದಡದಲ್ಲಿ, ನಾಲ್ಕು ವರ್ಷಗಳ ಹಿಂದೆಯಷ್ಟೇ ಹುಟ್ಟಿದ ಒಂದು ಕಾರ್ಮಿಕರ ವಸತಿ ಇತ್ತು. ಅದೇ ಗಣತಿಯಲ್ಲಿ ಅದರ ಜನಸಂಖ್ಯೆ ಎಂಟು ಸಾವಿರವನ್ನೂ ಮುಟ್ಟಿರಲಿಲ್ಲ. ಇಂದು ಆ ವಸತಿಯ ಹೆಸರು ನೊವೊಸಿಬಿರ್ಸ್ಕ್, ಅಲ್ಲಿ ಸುಮಾರು 16 ಲಕ್ಷ ಜನ. ತೋಮ್ಸ್ಕ್ ಐದೂವರೆ ಲಕ್ಷದ ಆಸುಪಾಸಿನಲ್ಲಿದೆ.

ನಡುವೆ ನಡೆದದ್ದು ಒಂದು ಸೇತುವೆ. ಟ್ರಾನ್ಸ್ ಸೈಬೀರಿಯನ್ ರೈಲು ಓಬ್ ನದಿಯನ್ನು ಎಲ್ಲಾದರೂ ದಾಟಲೇಬೇಕಿತ್ತು. ಓಬ್ ಸಾಮಾನ್ಯ ನದಿಯಲ್ಲ. ನೆರೆ ಬಂದಾಗ ಬಯಲಿನ ತುಂಬಾ ಹರಡಿಕೊಳ್ಳುತ್ತದೆ, ತಳವೆಲ್ಲ ಮರಳು. ಸಮೀಕ್ಷೆಗೆ ಹೋದ ನಿಕೊಲಾಯ್ ಗಾರಿನ್-ಮಿಖೈಲೋವ್‌ಸ್ಕಿ ಎಂಬ ಎಂಜಿನಿಯರ್ ಕ್ರಿವೊಶ್ಚೆಕೊವೊ ಹಳ್ಳಿಯ ಬಳಿ ನದಿ ಕಿರಿದಾಗಿ, ಬಂಡೆಯ ತಳದ ಮೇಲೆ ಹರಿಯುವುದನ್ನು ನೋಡಿ, ಸೇತುವೆಗೆ ಅದೇ ಜಾಗ ಎಂದ. ಸೇತುವೆ 1897ರಲ್ಲಿ ಸಿದ್ಧವಾಯಿತು. ಮುಖ್ಯ ಹಳಿ ತೋಮ್ಸ್ಕನ್ನು ಬಿಟ್ಟು ದಕ್ಷಿಣದಲ್ಲಿ ಹಾದುಹೋಯಿತು. ಸಮಾಧಾನಕ್ಕೆಂಬಂತೆ 1896ರಲ್ಲಿ ತೈಗಾ ನಿಲ್ದಾಣದಿಂದ ತೋಮ್ಸ್ಕ್‌ಗೆ ಒಂದು ಕವಲು ಹಳಿ ಸಿಕ್ಕಿತು.

ಈಗ ಪ್ರಶ್ನೆ: ಈ ಜಾಗವನ್ನು ಆರಿಸಿದ್ದು ಬಂಡೆಯೋ, ಹಳಿಯೋ? ಬಂಡೆ ಸಾವಿರಾರು ವರ್ಷಗಳಿಂದ ಅಲ್ಲಿಯೇ ಇತ್ತು. ಹಳಿ ಬರುವ ತನಕ ಅದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನ ಇರಲಿಲ್ಲ. ಹಳಿಗೆ ಕೂಡ ಬಂಡೆ ಇಲ್ಲದಿದ್ದರೆ ಅಲ್ಲಿಗೆ ಬರುವ ಕಾರಣ ಇರಲಿಲ್ಲ.

ನನ್ನ ವಾದ ಇಷ್ಟು. ಒಂದು ಪ್ರದೇಶ ಒಟ್ಟಾರೆ ಎಷ್ಟು ಜನರನ್ನು ಹೊರಬಲ್ಲದು ಎಂಬುದನ್ನು ಮಳೆ, ಮಣ್ಣು, ನೀರು ತೀರ್ಮಾನಿಸುತ್ತವೆ. ಆ ಜನ ನಕ್ಷೆಯ ಯಾವ ಚುಕ್ಕೆಯಲ್ಲಿ ಒಟ್ಟುಗೂಡುತ್ತಾರೆ ಎಂಬುದನ್ನು ಮೊದಲು ಬಂದ ಸೌಕರ್ಯ ತೀರ್ಮಾನಿಸುತ್ತದೆ. ಈ ಎರಡನ್ನೂ ಒಂದೇ ಮಡಕೆಯಲ್ಲಿ ಕಲಸಿ ಮಾತನಾಡುವುದರಿಂದಲೇ ಈ ವಿಷಯದಲ್ಲಿ ಅರ್ಧ ಜಗಳ. ಒಪ್ಪದವರು ಉದಾಹರಣೆ ಸಮೇತ ಬನ್ನಿ.

ಅನುಮಾನಿ

ಗೆದ್ದೆತ್ತಿನ ಬಾಲ ಹಿಡಿಯುವುದು ಸುಲಭ. ನೊವೊಸಿಬಿರ್ಸ್ಕ್ ಬೆಳೆಯಿತು, ಆದ್ದರಿಂದ ಸೇತುವೆ ಕಾರಣ ಎನ್ನುತ್ತೀರಿ. ಸೇತುವೆ, ಹಳಿ, ನದಿ ಎಲ್ಲವೂ ಇದ್ದು ಸತ್ತ ಊರುಗಳ ಪಟ್ಟಿ ಎಲ್ಲಿ?

ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣ ತುದಿಯಲ್ಲಿ ಕೇರೋ ಎಂಬ ಊರಿದೆ. ಮಿಸಿಸಿಪ್ಪಿ ಮತ್ತು ಒಹಾಯೋ ನದಿಗಳು ಸೇರುವ ಮೂಲೆ. ನಕ್ಷೆ ನೋಡಿದ ಯಾರಾದರೂ ದೇಶದ ದೊಡ್ಡ ನಗರ ಇಲ್ಲೇ ಆಗಬೇಕು ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಣ ಹೂಡಿದವರು ಹಾಗೆಯೇ ಹೇಳಿದ್ದರು. ರೈಲು ಕೂಡ ಬಂತು. 1920ರಲ್ಲಿ ಅದರ ಜನಸಂಖ್ಯೆ 15 ಸಾವಿರ, 2020ರಲ್ಲಿ 1,733. ಭೂಗೋಳವೂ ಇತ್ತು, ಸೌಕರ್ಯವೂ ಇತ್ತು. ಈಗ ಹೇಳಿ.

ಹಳಿಯಂಚು

ಕೇರೋ ಒಳ್ಳೆಯ ಉದಾಹರಣೆ, ಆದರೆ ನೀವು ಹೇಳಿದ್ದಕ್ಕೆ ಅಲ್ಲ. ಆ ಮೂಲೆ ತಗ್ಗು ಪ್ರದೇಶ. ಎರಡು ದೊಡ್ಡ ನದಿಗಳ ನೆರೆ ಅಲ್ಲಿಗೆ ಬರುತ್ತದೆ. ಊರು ಸುತ್ತಲೂ ಒಡ್ಡು ಕಟ್ಟಿಕೊಂಡೇ ಬದುಕಬೇಕಿತ್ತು. ಸರಕು ದೋಣಿಯಿಂದ ರೈಲಿಗೆ, ರೈಲಿನಿಂದ ದೋಣಿಗೆ ಇಳಿದು ಏರುತ್ತಿದ್ದ ತನಕ ಕೆಲಸ ಇತ್ತು. 1889ರಲ್ಲಿ ಒಹಾಯೋ ನದಿಗೆ ರೈಲು ಸೇತುವೆ ಕಟ್ಟಿದರು. ಅಲ್ಲಿಯವರೆಗೆ ಬೋಗಿಗಳನ್ನು ದೋಣಿಯಲ್ಲಿ ದಾಟಿಸುತ್ತಿದ್ದವರಿಗೆ ಕೆಲಸ ಹೋಯಿತು, ರೈಲುಗಳು ನಿಲ್ಲದೆ ಸಾಗಿದವು. ಅದರ ಮೇಲೆ ಜನಾಂಗೀಯ ಹಿಂಸೆ, 1960ರ ದಶಕದ ಕೊನೆಯಿಂದ ವರ್ಷಗಟ್ಟಲೆ ನಡೆದ ಸಂಘರ್ಷ. ಇದ್ದವರೂ ಊರು ಬಿಟ್ಟರು.

ಸೌಕರ್ಯ ಬಂದರೆ ಸಾಲದು, ಸರಕು ಅಲ್ಲಿ ನಿಲ್ಲಬೇಕು. ಒಂದು ವಾಹನದಿಂದ ಇನ್ನೊಂದಕ್ಕೆ ಇಳಿಸಿ ಏರಿಸುವ ಜಾಗದಲ್ಲಿ ಹಮಾಲಿಗಳು ಬೇಕು, ಗೋದಾಮು ಬೇಕು, ಲೆಕ್ಕ ಬರೆಯುವವರು ಬೇಕು, ಸಾಲ ಕೊಡುವವರು ಬೇಕು, ಇವರಿಗೆಲ್ಲ ಅನ್ನ ಬೇಯಿಸುವವರು ಬೇಕು. ಸೇತುವೆ ಒಂದು ಊರನ್ನು ಹುಟ್ಟಿಸುತ್ತದೆ, ಇನ್ನೊಂದು ಊರಿನ ಹೊಟ್ಟೆಯ ಮೇಲೆ ಹೊಡೆಯುತ್ತದೆ.

ಶಿಕಾಗೋ ಮತ್ತು ಸೇಂಟ್ ಲೂಯಿಸ್ ನೋಡಿ. 1850ರಲ್ಲಿ ಸೇಂಟ್ ಲೂಯಿಸ್ 78 ಸಾವಿರ, ಶಿಕಾಗೋ 30 ಸಾವಿರ. ನದಿಯ ಲೆಕ್ಕದಲ್ಲಿ ಸೇಂಟ್ ಲೂಯಿಸ್‌ಗೆ ಸಾಟಿಯಿಲ್ಲ. ಮಿಸೌರಿ ಬಂದು ಮಿಸಿಸಿಪ್ಪಿಗೆ ಸೇರುವ ಜಾಗದ ಸ್ವಲ್ಪ ಕೆಳಗೆ ಕುಳಿತಿದೆ. ಶಿಕಾಗೋ ಕುಳಿತದ್ದು ಕೆಸರಿನಲ್ಲಿ. ಆದರೆ ಆ ಕೆಸರಿಗೆ ಒಂದು ಗುಣವಿತ್ತು: ಮಹಾಸರೋವರಗಳ ಜಲಾನಯನಕ್ಕೂ ಮಿಸಿಸಿಪ್ಪಿಯ ಜಲಾನಯನಕ್ಕೂ ನಡುವಿನ ದಿಣ್ಣೆ ಅಲ್ಲಿ ಕೆಲವೇ ಅಡಿ ಎತ್ತರ, ಮಳೆಗಾಲದಲ್ಲಿ ದೋಣಿ ಎಳೆದುಕೊಂಡು ದಾಟಬಹುದಾದಷ್ಟು. 1848ರಲ್ಲಿ ಆ ದಿಣ್ಣೆಯನ್ನು ಸೀಳಿ 154 ಕಿಲೋಮೀಟರ್ ಕಾಲುವೆ ತೆಗೆದರು, ಅದೇ ವರ್ಷ ಊರಿನ ಮೊದಲ ರೈಲು ಹಳಿಯೂ ಓಡತೊಡಗಿತು. 1856ರಲ್ಲಿ ರಾಕ್ ಐಲ್ಯಾಂಡ್ ಬಳಿ ಮಿಸಿಸಿಪ್ಪಿಗೆ ಮೊದಲ ರೈಲು ಸೇತುವೆ. ತೆರೆದು ಎರಡೇ ವಾರಗಳಲ್ಲಿ ಎಫಿ ಆಫ್ಟನ್ ಎಂಬ ಹಬೆದೋಣಿ ಅದರ ಕಂಬಕ್ಕೆ ಬಡಿದು ಬೆಂಕಿ ಹತ್ತಿಕೊಂಡಿತು. ದೋಣಿಯವರು ನಷ್ಟ ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋದರು, ಸೇತುವೆಯ ಪರ ವಾದಿಸಿದ ವಕೀಲ ಅಬ್ರಹಾಂ ಲಿಂಕನ್. ಸೇತುವೆ ಉಳಿಯಿತು. ಸೇಂಟ್ ಲೂಯಿಸ್ ತನ್ನ ದೊಡ್ಡ ಸೇತುವೆ ಕಟ್ಟಿ ಮುಗಿಸಿದ್ದು 1874ರಲ್ಲಿ. 1880ರ ಗಣತಿಯಲ್ಲಿ ಶಿಕಾಗೋ ಐದು ಲಕ್ಷ, ಸೇಂಟ್ ಲೂಯಿಸ್ ಮೂರೂವರೆ ಲಕ್ಷ. ಹದಿನೆಂಟು ವರ್ಷಗಳ ತಡಕ್ಕೆ ತೆತ್ತ ಬೆಲೆ ಅದು.

ಅನುಮಾನಿ

ಹದಿನೆಂಟು ವರ್ಷಗಳ ತಡ ಎಂಬುದೇ ಎಲ್ಲ ಅಲ್ಲ. ಶಿಕಾಗೋದ ಹಿಂದೆ ನ್ಯೂಯಾರ್ಕಿನ ಹಣ ಇತ್ತು. ನಡುವೆ ಅಂತರ್ಯುದ್ಧ ಬಂದು ಮಿಸಿಸಿಪ್ಪಿಯ ದಕ್ಷಿಣದ ವ್ಯಾಪಾರ ನಿಂತೇಹೋಗಿತ್ತು. ಎಲ್ಲವನ್ನೂ ಒಂದು ಸೇತುವೆಯ ತಲೆಗೆ ಕಟ್ಟಬೇಡಿ.

ಹಳಿಯಂಚು

ನ್ಯೂಯಾರ್ಕಿನ ಹಣ ಶಿಕಾಗೋಗೆ ಬಂದದ್ದಾದರೂ ಯಾವ ದಾರಿಯಿಂದ? 1825ರ ಈರೀ ಕಾಲುವೆಯಿಂದ. ಆಲ್ಬನಿಯಿಂದ ಬಫಲೋ ತನಕ 584 ಕಿಲೋಮೀಟರ್. ಅಪಲೇಶಿಯನ್ ಬೆಟ್ಟಸಾಲಿನ ಉತ್ತರ ಭಾಗದಲ್ಲಿ ಅಷ್ಟು ತಗ್ಗಾದ ಕಂಡಿ ಇರುವುದು ಮೊಹಾಕ್ ಕಣಿವೆಯೊಂದೇ. ಭೂಗೋಳ ಒಂದು ಬಾಗಿಲು ಬಿಟ್ಟಿತ್ತು, ಅದನ್ನು ತೆರೆದವರು ಮೊದಲು ತೆರೆದರು. ಯೂಟಿಕಾ, ಸಿರಾಕ್ಯೂಸ್, ರಾಚೆಸ್ಟರ್, ಬಫಲೋ ದಾರದಲ್ಲಿ ಪೋಣಿಸಿದಂತೆ ಸಾಲಾಗಿರುವುದಕ್ಕೆ ಬೇರೆ ವಿವರಣೆ ಬೇಕೇ?

ಮಳೆಗೆರೆ

ಎಲ್ಲರೂ ಅಮೆರಿಕದ ಒದ್ದೆ ಭಾಗದಲ್ಲೇ ಸುತ್ತುತ್ತಿದ್ದೀರಿ. ಒಣ ನೆಲಕ್ಕೆ ಬನ್ನಿ. ಅಲ್ಲಿ ಹಳಿಯ ಮಹಿಮೆ ಎಷ್ಟೆಂದು ತಿಳಿಯುತ್ತದೆ.

1865ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಸರ್ವೇಯರ್ ಜನರಲ್ ಜಾರ್ಜ್ ಗೋಯ್ಡರ್ ಕುದುರೆ ಏರಿ ಸಾವಿರಾರು ಕಿಲೋಮೀಟರ್ ತಿರುಗಿ ನಕ್ಷೆಯ ಮೇಲೆ ಒಂದು ಗೆರೆ ಎಳೆದ. ಗೆರೆಯ ದಕ್ಷಿಣಕ್ಕೆ ಗೋಧಿ ಬೆಳೆಯಬಹುದು, ಉತ್ತರಕ್ಕೆ ಕುರಿ ಮೇಯಿಸಬಹುದು, ಅಷ್ಟೇ. ಅವನ ಬಳಿ ದಶಕಗಳ ಮಳೆಯ ದಾಖಲೆ ಇರಲಿಲ್ಲ. ಅವನು ನೋಡಿದ್ದು ಗಿಡಗಳನ್ನು: ಮ್ಯಾಲೀ ಎಂಬ ಕುರುಚಲು ನೀಲಗಿರಿ ಜಾತಿ ಎಲ್ಲಿ ಮುಗಿದು ಉಪ್ಪುಪೊದೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು. ಗಿಡಗಳು ಬರಗಾಲದ ನೆನಪನ್ನು ಇಟ್ಟುಕೊಂಡಿರುತ್ತವೆ, ಸರ್ಕಾರಗಳು ಇಟ್ಟುಕೊಂಡಿರುವುದಿಲ್ಲ. 1870ರ ದಶಕದಲ್ಲಿ ಕೆಲವು ವರ್ಷ ಮಳೆ ಚೆನ್ನಾಯಿತು. ನೆಲ ಉತ್ತರೆ ಸಾಕು, ಮಳೆ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಹಬ್ಬಿತು. 1874ರಲ್ಲಿ ಕಾನೂನು ಬದಲಾಯಿಸಿ ಗೆರೆಯಾಚೆಗೂ ರೈತರಿಗೆ ನೆಲ ಬಿಟ್ಟರು. ಫರೀನಾ ಎಂಬ ಊರಿಗೆ 1882ರಲ್ಲಿ ರೈಲೂ ಹೋಯಿತು, ಗೋಧಿ ತರುವುದಕ್ಕೆ. ಅಷ್ಟರಲ್ಲೇ ಬರ ಬಂತು. ಉತ್ತುಂಗದಲ್ಲಿಯೂ ಕೆಲವೇ ನೂರು ಜನರಿದ್ದ ಆ ಊರು ಇಂದು ಕಲ್ಲಿನ ಗೋಡೆಗಳ ಗುಂಪು. ಗೆರೆಯ ಉತ್ತರಕ್ಕೆ ಅಂಥ ಪಾಳು ಮನೆಗಳು ಎಷ್ಟೋ ಇವೆ.

ಚೀನಾದಲ್ಲಿ ಹು ಹುವಾನ್‌ಯೊಂಗ್ ಎಂಬ ಭೂಗೋಳಜ್ಞ 1935ರಲ್ಲಿ ಈಶಾನ್ಯದ ಹೈಹೆಯಿಂದ ನೈರುತ್ಯದ ತೆಂಗ್‌ಚೊಂಗ್‌ಗೆ ಒಂದು ಓರೆಗೆರೆ ಎಳೆದ. ಗೆರೆಯ ಆಗ್ನೇಯಕ್ಕೆ ಆಗಿನ ದೇಶದ 36 ಶೇಕಡಾ ನೆಲ, 96 ಶೇಕಡಾ ಜನ. ಆಮೇಲೆ ಯುದ್ಧ, ಕ್ರಾಂತಿ, ಪಶ್ಚಿಮಕ್ಕೆ ಜನರನ್ನು ಕಳಿಸುವ ಸರ್ಕಾರಿ ಅಭಿಯಾನಗಳು, 2006ರಲ್ಲಿ ಟಿಬೆಟ್‌ಗೆ ರೈಲು, 2014ರಲ್ಲಿ ಷಿನ್‌ಜಿಯಾಂಗ್‌ಗೆ ಅತಿವೇಗದ ರೈಲು. ಇಷ್ಟೆಲ್ಲ ಆದ ಮೇಲೂ ಇಂದಿನ ಗಡಿಯ ಲೆಕ್ಕದಲ್ಲಿ ಆಗ್ನೇಯ ಭಾಗದಲ್ಲಿ ಇರುವವರು ಸುಮಾರು 94 ಶೇಕಡಾ. ಮುಂಗಾರು ಮಾರುತ ಎಲ್ಲಿಯವರೆಗೆ ತಲುಪುತ್ತದೋ ಅಲ್ಲಿಯವರೆಗೆ ಜನ. ಈಜಿಪ್ಟಿನಲ್ಲಂತೂ ಗೆರೆ ಎಳೆಯುವ ಕಷ್ಟವೂ ಇಲ್ಲ, ನೈಲ್ ನದಿಯೇ ಗೆರೆ.

ಹಾಗಾಗಿ ನಕ್ಷೆಗಾರರ ಮಾತಿನ ಮೊದಲ ಅರ್ಧಕ್ಕೆ ನನ್ನ ಸಹಿ ಇದೆ. ಎರಡನೆಯ ಅರ್ಧದ ಬಗ್ಗೆ ನನಗೆ ಅಷ್ಟೇನೂ ಆಸಕ್ತಿಯಿಲ್ಲ. ಚುಕ್ಕೆ ಇಲ್ಲಿದ್ದರೇನು, ಅಲ್ಲಿದ್ದರೇನು.

ಜನಗಣಿತ

ಚುಕ್ಕೆ ಎಲ್ಲಿದೆ ಎಂಬುದು ಆ ಚುಕ್ಕೆಯಲ್ಲಿ ಹುಟ್ಟಿದವರಿಗೆ ಮುಖ್ಯ, ಮಳೆಗೆರೆಯವರೇ.

ಇಲ್ಲಿ ಯಾರೂ ಎತ್ತದ ಒಂದು ತೊಡಕು ಇದೆ. ಹಳಿ ಬಂದದ್ದರಿಂದ ಊರು ಬೆಳೆಯಿತೋ, ಬೆಳೆಯುವ ಲಕ್ಷಣ ಇದ್ದ ಊರಿಗೇ ಹಳಿ ಹಾಕಿದರೋ? ಬೀಜ-ವೃಕ್ಷದ ಪ್ರಶ್ನೆ ಎಂದು ಕೈಚೆಲ್ಲಬೇಕಿಲ್ಲ, ಇದನ್ನು ಬಿಡಿಸುವ ಉಪಾಯಗಳು ಇವೆ. ಬಹಳ ಚೆಂದದ್ದು ಯಾವುದೆಂದರೆ, ಯೋಜನೆ ಆಗಿ, ಸಮೀಕ್ಷೆ ಆಗಿ, ಯಾವುದೋ ಕಾರಣಕ್ಕೆ ಕಟ್ಟದೆ ಬಿಟ್ಟ ಹಳಿಗಳನ್ನು ಹಿಡಿಯುವುದು. ಕಟ್ಟಿದ ಹಳಿಯ ಪಕ್ಕದ ಊರುಗಳು ಬೆಳೆದು, ಕಟ್ಟದ ಹಳಿಯ ಪಕ್ಕದವು ಬೆಳೆಯದಿದ್ದರೆ ಹಳಿಗೆ ಅಂಕ ಕೊಡಬಹುದು. ಎರಡೂ ಬೆಳೆದಿದ್ದರೆ ಜಾಗಕ್ಕೆ ಕೊಡಬೇಕು.

ಅರ್ಥಶಾಸ್ತ್ರಜ್ಞರಾದ ರೆಮಿ ಜೆಡ್ವಾಬ್ ಮತ್ತು ಅಲೆಕ್ಸಾಂಡರ್ ಮೊರಾಡಿ ಘಾನಾದಲ್ಲಿ ಮಾಡಿದ್ದು ಇದನ್ನೇ. ಬ್ರಿಟಿಷರು ಸೆಕೊಂಡಿ ಬಂದರಿನಿಂದ ಹಳಿ ಹಾಕಿದ್ದು ಚಿನ್ನದ ಗಣಿಗಳಿಗಾಗಿ ಮತ್ತು ಅಸಾಂಟೆ ನಾಡಿನ ಮೇಲೆ ಸೈನಿಕ ಹಿಡಿತಕ್ಕಾಗಿ. 1903ರಲ್ಲಿ ಅದು ಕುಮಾಸಿ ಮುಟ್ಟಿತು. ಕೋಕೋ ಅವರ ತಲೆಯಲ್ಲಿ ಇರಲೇ ಇಲ್ಲ. ಆದರೆ ಹಳಿ ಬಂದ ಮೇಲೆ ಸ್ಥಳೀಯ ರೈತರು ಕಾಡಿನಲ್ಲಿ ಕೋಕೋ ನೆಟ್ಟರು, ಹಿಂದೆ ತಲೆಹೊರೆಯಲ್ಲಿ ಸಾಗುತ್ತಿದ್ದ ಸರಕು ಬೋಗಿಯಲ್ಲಿ ಹೋಗತೊಡಗಿತು, ಹಳಿಯ ಇಕ್ಕೆಲಗಳಲ್ಲಿ ಜನ ತುಂಬಿದರು. ಕಟ್ಟದೆ ಬಿಟ್ಟ ಮಾರ್ಗಗಳ ಪಕ್ಕದಲ್ಲಿ ಹಾಗೆ ಆಗಲಿಲ್ಲ. ಮುಂದೆ ಘಾನಾದ ರೈಲು ಹಾಳಾಯಿತು, ಲಾರಿಗಳು ಬಂದವು. ಆದರೂ ಆ ಪಟ್ಟಿ ಇಂದಿಗೂ ಸುತ್ತಲಿನ ಪ್ರದೇಶಕ್ಕಿಂತ ದಟ್ಟವಾಗಿದೆ, ಮುಂದುವರಿದಿದೆ. ಕೀನ್ಯಾದ ಕಥೆಯೂ ಹೆಚ್ಚುಕಡಿಮೆ ಇದೇ. ನೈರೋಬಿ 1899ರಲ್ಲಿ ಒಂದು ರೈಲು ಡಿಪೋ, ಬಿರುಕು ಕಣಿವೆಯ (ರಿಫ್ಟ್ ವ್ಯಾಲಿ) ಕಡಿದಾದ ಇಳಿಜಾರಿಗೆ ಮುನ್ನ ಸಿಗುವ ಕೊನೆಯ ಸಮತಟ್ಟು ಜೌಗು ನೆಲ. 2019ರ ಗಣತಿಯಲ್ಲಿ ಅಲ್ಲಿ 44 ಲಕ್ಷ ಜನ.

ಇನ್ನೊಂದು ಕಡೆಯಿಂದ ನೋಡಿ. ಅಮೆರಿಕದ ಮಧ್ಯಪಶ್ಚಿಮದಲ್ಲಿ 1850ರ ದಶಕದ ರೈಲು ವಿಸ್ತರಣೆಯನ್ನು ಕೌಂಟಿವಾರು, ಅಂದರೆ ಜಿಲ್ಲೆವಾರು, ಅಳೆದವರು ಕಂಡದ್ದು ಇದು: ಒಟ್ಟು ಜನಸಾಂದ್ರತೆಯ ಮೇಲೆ ರೈಲಿನ ಪರಿಣಾಮ ಅಲ್ಪ, ಪಟ್ಟಣಗಳಲ್ಲಿ ವಾಸಿಸುವವರ ಪಾಲು ಏರಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ರೈಲಿನದು. ನಕ್ಷೆಗಾರರು ಊಹೆಯಿಂದ ಹೇಳಿದ ವಿಭಜನೆಗೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಗೊತ್ತಿಲ್ಲ.

ಕಡಲತಡಿ

ನನಗೆ ಬಹಳ ಇಷ್ಟವಾದ ಪ್ರಯೋಗವನ್ನು ಯಾರೂ ಯೋಜಿಸಲಿಲ್ಲ, ಬಿರುಗಾಳಿ ಮಾಡಿತು. ಡೆನ್ಮಾರ್ಕಿನ ಉತ್ತರದಲ್ಲಿ ಲಿಮ್‌ಫ್ಯೋರ್ಡ್ ಎಂಬ ಉದ್ದನೆಯ ಹಿನ್ನೀರು ಇದೆ. ಮಧ್ಯಯುಗದಲ್ಲಿ ಅದರ ಪಶ್ಚಿಮ ಬಾಯಿ ಮರಳು ತುಂಬಿ ಮುಚ್ಚಿಹೋಯಿತು. ಏಳು ಶತಮಾನ ಪಶ್ಚಿಮ ದಡದವರು ಪೂರ್ವದ ಆಲ್ಬೋರ್ಗ್ ಮೂಲಕವೇ ಹೊರಜಗತ್ತಿಗೆ ಹೋಗಬೇಕಿತ್ತು. 1825ರ ಫೆಬ್ರವರಿಯಲ್ಲಿ ಉತ್ತರ ಸಮುದ್ರದ ಬಿರುಗಾಳಿ ಅಗ್ಗರ್ ಮರಳುದಿಬ್ಬವನ್ನು ಒಡೆದು ಹಾಕಿತು. ಸ್ವಲ್ಪ ಕಾಲದಲ್ಲೇ ಹಡಗುಗಳು ಅಲ್ಲಿಂದ ಓಡಾಡತೊಡಗಿದವು. ಮುಂದಿನ ತಲೆಮಾರಿನಲ್ಲಿ ಪಶ್ಚಿಮ ದಡದ ಊರುಗಳು ಉಳಿದ ಡೆನ್ಮಾರ್ಕಿಗಿಂತ ಸ್ಪಷ್ಟವಾಗಿ ವೇಗವಾಗಿ ಬೆಳೆದವು. ಯಾವ ಮಂತ್ರಿಯೂ ತನ್ನ ಕ್ಷೇತ್ರಕ್ಕೆ ಎಳೆದುಕೊಂಡ ಸೌಕರ್ಯವಲ್ಲ ಇದು. ಮಣ್ಣು ಅದೇ, ಮಳೆ ಅದೇ, ಜನ ಅದೇ. ದಾರಿ ಒಂದೇ ಹೊಸದು.

ಬೆಲ್ಜಿಯಂನ ಬ್ರೂಜ್ ಇದರ ತಿರುವುಮುರುವು. 1134ರ ಬಿರುಗಾಳಿ ಜ್ವಿನ್ ಎಂಬ ಕಡಲಕಾಲುವೆಯನ್ನು ತೆರೆಯಿತು, ಊರು ಯುರೋಪಿನ ಶ್ರೀಮಂತ ಪೇಟೆಯಾಯಿತು. ಹದಿನೈದನೆಯ ಶತಮಾನದಲ್ಲಿ ಹೂಳು ಗೆದ್ದಿತು, ವ್ಯಾಪಾರ ಆಂಟ್ವರ್ಪ್‌ಗೆ ಹೋಯಿತು.

ಇನ್ನು ಅನುಮಾನಿಯವರಿಗೆ ಒಂದು ಮಾತು. ಅಮೆರಿಕದ ಪೂರ್ವದಲ್ಲಿ ಗಟ್ಟಿ ಬಂಡೆಯ ಪ್ರಸ್ಥಭೂಮಿ ಮುಗಿದು ಮೆತ್ತನೆಯ ಕರಾವಳಿ ಬಯಲು ಶುರುವಾಗುವ ಅಂಚಿನಲ್ಲಿ ಪ್ರತಿ ನದಿಯೂ ಜಲಪಾತವಾಗಿ ಇಳಿಯುತ್ತದೆ. ಕಡಲಿನಿಂದ ಬಂದ ದೋಣಿ ಅಲ್ಲಿಗೇ ನಿಲ್ಲುತ್ತದೆ, ಸರಕನ್ನು ಹೊತ್ತು ಸಾಗಿಸಬೇಕು. ರಿಚ್ಮಂಡ್, ಆಗಸ್ಟಾ, ಕೊಲಂಬಸ್ ಎಲ್ಲವೂ ಆ ಅಂಚಿನ ಮೇಲಿವೆ. ಹಾಗೆ ಸರಕು ಹೊರುವ ಕಾಲ ಹೋಗಿ ನೂರೈವತ್ತು ವರ್ಷಗಳೇ ಕಳೆದಿವೆ. ಊರುಗಳು ಅಲ್ಲಿಯೇ ಇವೆ, ಕುಗ್ಗಿಯೂ ಇಲ್ಲ. 2012ರಲ್ಲಿ ಹಾಯ್ಟ್ ಬ್ಲೇಕ್ಲಿ ಮತ್ತು ಜೆಫ್ರಿ ಲಿನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಂಕಿಗಳಲ್ಲಿ ತೋರಿಸಿದರು. ಕಾರಣ ಸತ್ತರೂ ಪರಿಣಾಮ ಬದುಕಿದೆ.

ಅನುಮಾನಿ

ಕಾರಣ ಸತ್ತರೂ ಪರಿಣಾಮ ಬದುಕುತ್ತದೆ ಎನ್ನುವುದಾದರೆ ಬ್ರೂಜ್ ಏಕೆ ಕುಸಿಯಿತು? ಬಫಲೋ ಏಕೆ ಕುಸಿಯಿತು? 1950ರಲ್ಲಿ ಐದು ಲಕ್ಷ ಎಂಬತ್ತು ಸಾವಿರ ಇದ್ದ ನಗರ 2020ರಲ್ಲಿ ಎರಡು ಲಕ್ಷ ಎಪ್ಪತ್ತೆಂಟು ಸಾವಿರ. 1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆದಾಗ ಧಾನ್ಯದ ಹಡಗುಗಳು ಬಫಲೋವನ್ನು ಮುಟ್ಟದೆ ಸಾಗರಕ್ಕೆ ಹೋದವು. ಬ್ರಿಟನ್ನಿನಲ್ಲಿ ನಷ್ಟದ ರೈಲು ಮಾರ್ಗಗಳನ್ನು ಮುಚ್ಚಿ ಎಂದ 1963ರ ಬೀಚಿಂಗ್ ವರದಿಯ ನಂತರ ಸಾವಿರಾರು ಮೈಲಿ ಹಳಿ ಕಿತ್ತರು. ನಿಲ್ದಾಣ ಕಳೆದುಕೊಂಡ ಪ್ರದೇಶಗಳು ಉಳಿದವುಗಳಿಗೆ ಹೋಲಿಸಿದರೆ ಜನರನ್ನು ಕಳೆದುಕೊಂಡವು, ಅದರಲ್ಲೂ ಓದಿದ ಯುವಜನರನ್ನು. ಘಾನಾದಲ್ಲಿ ಹಳಿ ಸತ್ತರೂ ಊರು ಉಳಿಯಿತು, ಬ್ರಿಟನ್ನಿನಲ್ಲಿ ಹಳಿ ಹೋದಂತೆ ಜನವೂ ಹೋದರು. ನಿಮ್ಮ ಸಿದ್ಧಾಂತ ಯಾವ ಕಡೆ? ಎರಡೂ ಕಡೆ ಎಂದರೆ ಅದು ಸಿದ್ಧಾಂತವಲ್ಲ, ಜಾತಕ.

ಜನಗಣಿತ

ಜಾತಕ ಎಂದದ್ದಕ್ಕೆ ನಕ್ಕೆ. ಆದರೆ ವ್ಯತ್ಯಾಸ ಹುಡುಕಬಹುದು. ಘಾನಾದಲ್ಲಿ ಹಳಿ ಬರುವ ಮೊದಲು ಆ ಕಾಡಿನಲ್ಲಿ ಪೈಪೋಟಿಗೆ ಬೇರೆ ಕೇಂದ್ರಗಳೇ ಕಡಿಮೆ. ಹಳಿ ಸತ್ತಾಗ ರಸ್ತೆ, ಆಸ್ಪತ್ರೆ, ಶಾಲೆ, ಸಂತೆ ಎಲ್ಲವೂ ಆ ಚುಕ್ಕೆಗಳಲ್ಲಿಯೇ ಇದ್ದವು. ಜನ ಬೇರೆಡೆ ಹೋಗಬೇಕಾದರೆ ಎಲ್ಲರೂ ಒಟ್ಟಿಗೆ ಹೋಗಬೇಕು, ಅದು ಆಗುವ ಮಾತಲ್ಲ. ಬ್ರಿಟನ್ನಿನಲ್ಲಿ ಹಳಿ ಕಿತ್ತದ್ದು ಸಣ್ಣ ಊರುಗಳಲ್ಲಿ, ಅದೇ ಹೊತ್ತಿಗೆ ಗಂಟೆಯ ದಾರಿಯಲ್ಲಿ ದೊಡ್ಡ ನಗರಗಳು ಕೈಬೀಸಿ ಕರೆಯುತ್ತಿದ್ದವು. ಪಕ್ಕದಲ್ಲಿ ಎದುರಾಳಿ ಇದ್ದರೆ ಕಾರಣದೊಂದಿಗೆ ಪರಿಣಾಮವೂ ಸಾಯುತ್ತದೆ. ಬ್ರೂಜ್ ಬಳಿ ಆಂಟ್ವರ್ಪ್ ಇತ್ತಲ್ಲವೇ?

ಒಂದು ಪರೀಕ್ಷೆಯನ್ನೂ ಹೇಳುತ್ತೇನೆ. ಹಿರೋಷಿಮಾ, ನಾಗಾಸಾಕಿ ಎರಡೂ ಅಣುಬಾಂಬಿಗೆ ಸುಟ್ಟುಹೋದವು. ಎರಡು-ಮೂರು ದಶಕಗಳಲ್ಲಿ ಎರಡೂ ಜಪಾನಿನ ನಗರಗಳ ಸಾಲಿನಲ್ಲಿ ತಮ್ಮ ಹಳೆಯ ಸ್ಥಾನಕ್ಕೆ ಮರಳಿದವು. ಕಟ್ಟಡ ಹೋಯಿತು, ಅಸಂಖ್ಯ ಜನ ಸತ್ತರು, ಆದರೆ ಬಂದರು, ನದೀಮುಖ, ಹಳಿಯ ಹಾದಿ, ಸೈಟುಗಳ ಒಡೆತನ, ಎಲ್ಲರೂ ಅಲ್ಲಿಗೇ ಮರಳುತ್ತಾರೆ ಎಂಬ ಎಲ್ಲರ ನಿರೀಕ್ಷೆ ಉಳಿದಿತ್ತು.

ಮಳೆಗೆರೆ

ಹಾಗೆ ಮರಳದ ಉದಾಹರಣೆ ರೋಮನ್ ಬ್ರಿಟನ್. ರೋಮನ್ ಆಳ್ವಿಕೆ ಕುಸಿದ ಮೇಲೆ ಬ್ರಿಟನ್ನಿನ ಪಟ್ಟಣಗಳು ಬಹುತೇಕ ಖಾಲಿಯಾದವು. ಫ್ರಾನ್ಸಿನಲ್ಲಿ ಬಿಷಪ್ಪರ ಪೀಠಗಳ ಸುತ್ತ ಹೇಗೋ ಉಸಿರಾಡುತ್ತಿದ್ದವು. ಶತಮಾನಗಳ ನಂತರ ನಗರಗಳು ಮತ್ತೆ ಬೆಳೆದಾಗ ಬ್ರಿಟನ್ನಿನಲ್ಲಿ ಅವು ದೋಣಿ ಬರುವ ನೀರಿನ ಹತ್ತಿರಕ್ಕೆ ಸರಿದವು. ಫ್ರಾನ್ಸಿನವು ರೋಮನ್ ಸೈನ್ಯಕ್ಕೆ ಅನುಕೂಲವಾಗಿದ್ದ ರಸ್ತೆಗಳ ಮೇಲೆಯೇ, ಹಡಗು ಬಾರದ ಜಾಗಗಳಲ್ಲಿ, ಉಳಿದುಕೊಂಡವು. ಪೂರ್ತಿ ನಾಶವಾದವರಿಗೆ ಒಳ್ಳೆಯ ಜಾಗ ಸಿಕ್ಕಿತು. ಅರ್ಧ ಉಳಿದವರು ಹಳೆಯ ಜಾಗಕ್ಕೆ ಅಂಟಿಕೊಂಡರು. ಮೊದಲ ಸೌಕರ್ಯ ವರವೇ ಆಗಬೇಕೆಂದಿಲ್ಲ.

ಕಾಲುವೆಬದಿ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಮಳೆ-ಮಣ್ಣು ಒಟ್ಟು ಜನರನ್ನು ತೀರ್ಮಾನಿಸುತ್ತದೆ, ಸೌಕರ್ಯ ಚುಕ್ಕೆಯನ್ನು ಮಾತ್ರ ಎಂದು ಎಲ್ಲರೂ ತಲೆಯಾಡಿಸುತ್ತಿದ್ದೀರಲ್ಲ, ನೀರಾವರಿ ಸೌಕರ್ಯವಲ್ಲವೇ?

ಚೆನಾಬ್ ಮತ್ತು ರಾವಿ ನದಿಗಳ ನಡುವಿನ ಪಂಜಾಬಿನ ಬಯಲು 1890ರ ಮೊದಲು ಒಣ ಪೊದೆಗಾಡು. ದನ, ಒಂಟೆ ಮೇಯಿಸುವವರು ತಿರುಗುತ್ತಿದ್ದರು. 1892ರಲ್ಲಿ ಲೋಯರ್ ಚೆನಾಬ್ ಕಾಲುವೆ ತೆರೆಯಿತು. ಮುಂದೆ 20 ಲಕ್ಷ ಎಕರೆಗೂ ಹೆಚ್ಚು ನೆಲಕ್ಕೆ ಅದರ ನೀರು ಹರಿಯಿತು. ಸರ್ಕಾರ ನೆಲವನ್ನು ಚೌಕಗಳಾಗಿ ಅಳೆದು, ಪೂರ್ವ ಪಂಜಾಬಿನ ಕಿಕ್ಕಿರಿದ ಜಿಲ್ಲೆಗಳಿಂದ ರೈತರನ್ನು ಕರೆತಂದು ಕೂರಿಸಿತು. 1901ರ ಗಣತಿಯ ಹೊತ್ತಿಗೆ ಆ ವಸಾಹತಿನಲ್ಲಿ ಏಳೆಂಟು ಲಕ್ಷ ಜನ. ನಡುವೆ ಗಡಿಯಾರ ಗೋಪುರ, ಅಲ್ಲಿಂದ ಎಂಟು ದಿಕ್ಕಿಗೆ ಎಂಟು ಬಜಾರುಗಳು ಎಂದು ನಕ್ಷೆ ಬರೆದು ಕಟ್ಟಿದ ಪೇಟೆ ಲೈಲ್‌ಪುರ. ಇಂದು ಅದು ಪಾಕಿಸ್ತಾನದ ಫೈಸಲಾಬಾದ್, 2017ರಲ್ಲಿ 32 ಲಕ್ಷ ಜನ.

ಇಲ್ಲಿ ಬದಲಾದದ್ದು ಚುಕ್ಕೆಯಲ್ಲ, ಪ್ರದೇಶದ ಹೊರೆ ಹೊರುವ ಶಕ್ತಿಯೇ. ಮಳೆಗೆರೆಯವರು ಹೇಳಿದ ಗೆರೆಯನ್ನು ಕಾಲುವೆ ಅಳಿಸಿತು. ಖಾಲಿ ನೆಲ ಎಂದು ಸರ್ಕಾರಿ ದಾಖಲೆಗಳು ಬರೆದುಕೊಂಡದ್ದು ಮೇಯಿಸುವವರ ಬದುಕನ್ನು ಲೆಕ್ಕದಿಂದ ಹೊರಗಿಟ್ಟು ಎಂಬುದನ್ನೂ ಸೇರಿಸುತ್ತೇನೆ. ಆಮೇಲೆ ಬಂದ ಜೌಗು, ಮಣ್ಣಿನ ಮೇಲೆ ಎದ್ದ ಉಪ್ಪು ಬೇರೆಯೇ ಅಧ್ಯಾಯ.

ನಕ್ಷೆಗಾರ

ಕಾಲುವೆಬದಿಯವರು ಇಟ್ಟ ಉದಾಹರಣೆಯಿಂದ ನನ್ನ ವಾದ ಹರಿತವಾಗುತ್ತದೆ. ಸೌಕರ್ಯ ಎರಡು ಬಗೆ. ಸರಕನ್ನೂ ಜನರನ್ನೂ ಸಾಗಿಸುವುದು ಒಂದು: ಹಳಿ, ಸೇತುವೆ, ಬಂದರು. ಬದುಕುವುದಕ್ಕೆ ಬೇಕಾದದ್ದನ್ನೇ ತಂದು ಸುರಿಯುವುದು ಇನ್ನೊಂದು: ನೀರು, ವಿದ್ಯುತ್ತು, ಮಲೇರಿಯಾ ತಡೆ. ಎರಡನೆಯದು ಭೂಗೋಳವನ್ನೇ ತಿದ್ದುತ್ತದೆ. ಫರೀನಾಗೆ ಹೋದದ್ದು ಮೊದಲ ಬಗೆ ಮಾತ್ರ. ಲೈಲ್‌ಪುರಕ್ಕೆ ಎರಡೂ ಹೋದವು, ಮೊದಲು ನೀರು, ಹಿಂದೆಯೇ ಹಳಿ. ಲಾಸ್ ವೇಗಸ್ 1905ರಲ್ಲಿ ರೈಲಿನ ಒಂದು ನಿಲ್ದಾಣ. ಆದರೆ ಅದು ನಗರವಾದದ್ದು 1936ರಲ್ಲಿ ಹೂವರ್ ಅಣೆಕಟ್ಟು ಮುಗಿದು, ನೀರು, ವಿದ್ಯುತ್ತು ಕೈಗೆ ಸಿಕ್ಕಿದ ಮೇಲೆ.

ಆದರೆ ನೀರು ತರುವ ಸೌಕರ್ಯಕ್ಕೆ ಹಳಿಗಿರುವ ಒಂದು ಗುಣ ಇಲ್ಲ. ಹಳಿ ಹೋದರೆ ಊರು ರಸ್ತೆಯ ಮೇಲೆ ಬದುಕಬಹುದು. ನೀರು ಹೋದರೆ ಏನೂ ಉಳಿಯುವುದಿಲ್ಲ. ಉಜ್ಬೇಕಿಸ್ತಾನದ ಮೊಯ್ನಾಕ್ ಒಂದು ಕಾಲಕ್ಕೆ ಅರಲ್ ಸಮುದ್ರದ ಮೀನು ಬಂದರಾಗಿತ್ತು. ಹತ್ತಿಗೆಂದು ನದಿಗಳನ್ನು ತಿರುಗಿಸಿದ ಮೇಲೆ ದಡ ನೂರು ಕಿಲೋಮೀಟರಿಗೂ ಆಚೆ ಸರಿಯಿತು. ಅಲ್ಲಿ ಪರಿಣಾಮಕ್ಕೆ ಬಾಳಿಕೆ ಬರಲಿಲ್ಲ.

ಹೊಸಬ

ಒಂದು ಸಣ್ಣ ಪ್ರಶ್ನೆ. ತೈಗಾ ನಿಲ್ದಾಣ ಎಂದಿರಲ್ಲ, ತೋಮ್ಸ್ಕ್ ಕವಲು ಶುರುವಾಗುವ ಜಾಗ. ಅದು ಜಂಕ್ಷನ್. ಅದೇಕೆ ನೊವೊಸಿಬಿರ್ಸ್ಕ್ ಆಗಲಿಲ್ಲ?

ಹಳಿಯಂಚು

ತೈಗಾದಲ್ಲಿ ರೈಲು ಬದಲಾಗುತ್ತದೆ, ಸರಕಿನ ವಾಹನ ಬದಲಾಗುವುದಿಲ್ಲ. ಹಳಿಯಿಂದ ಹಳಿಗೆ ಬೋಗಿ ಹಾಗೆಯೇ ಉರುಳುತ್ತದೆ; ಎಂಜಿನ್ನು, ರಿಪೇರಿ ಶೆಡ್ಡು, ಸಿಬ್ಬಂದಿ, ಅಷ್ಟೇ. ನೊವೊಸಿಬಿರ್ಸ್ಕ್‌ನಲ್ಲಿ ಆಲ್ತಾಯ್ ಸೀಮೆಯ ಧಾನ್ಯ ಓಬ್ ನದಿಯ ಹಬೆದೋಣಿಗಳಲ್ಲಿ ಬಂದು ದಡಕ್ಕೆ ಇಳಿದು, ಹಿಟ್ಟಿನ ಗಿರಣಿ ಹೊಕ್ಕು, ಆಮೇಲೆ ರೈಲೇರುತ್ತಿತ್ತು. ಎಷ್ಟು ಕೈ ಬದಲಾಯಿತೋ ಅಷ್ಟು ಮನೆ. ಹತ್ತು-ಹದಿನೈದು ವರ್ಷಗಳಲ್ಲಿ ಗಿರಣಿಗಳದ್ದೇ ಊರಾಯಿತು. ಮುಂದೆ ಮಧ್ಯ ಏಷ್ಯಾ ಕಡೆಯ ಹಳಿ ಬಂದು ಸೇರಿತು, ಎರಡನೆಯ ಮಹಾಯುದ್ಧದಲ್ಲಿ ಪಶ್ಚಿಮದ ಕಾರ್ಖಾನೆಗಳನ್ನು ಕಳಚಿ ತಂದು ಅಲ್ಲಿ ಜೋಡಿಸಿದರು.

ಅನುಮಾನಿ

ಹಾಗಾದರೆ ಇವತ್ತಿನ ಲೆಕ್ಕ ಹೇಳಿ. ಸರಕು ಇಳಿಸಿ ಏರಿಸುವ ಜಾಗದಲ್ಲಿ ಊರು ಎನ್ನುತ್ತೀರಿ. 1956ರಲ್ಲಿ ಐಡಿಯಲ್ ಎಕ್ಸ್ ಎಂಬ ಹಡಗು ಸರಕು ತುಂಬಿದ 58 ಕಂಟೇನರ್ ಪೆಟ್ಟಿಗೆಗಳನ್ನು ಹೊತ್ತು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟ ದಿನದಿಂದ ಆ ಕೆಲಸವೇ ಹೋಯಿತಲ್ಲ. ಈಗ ಬಂದರಿನಲ್ಲಿ ಕ್ರೇನು ಇದೆ, ಪೆಟ್ಟಿಗೆ ಇದೆ, ಮನುಷ್ಯ ಇಲ್ಲ.

ಕಡಲತಡಿ

ಅದಕ್ಕೆ ಬ್ರಿಟನ್ನಿನಲ್ಲೇ ಉತ್ತರ ಇದೆ. ದೇಶದ ಅತಿ ದೊಡ್ಡ ಕಂಟೇನರ್ ಬಂದರು ಫೆಲಿಕ್ಸ್‌ಸ್ಟೋ, 1967ರಿಂದ ಪೆಟ್ಟಿಗೆ ಇಳಿಸುತ್ತಿದೆ. ಊರಿನ ಜನಸಂಖ್ಯೆ ಇಪ್ಪತ್ತನಾಲ್ಕು ಸಾವಿರದ ಆಸುಪಾಸು. ಲಂಡನ್ನಿನ ಹಳೆಯ ಡಾಕ್‌ಗಳು, ಅಂದರೆ ಹಡಗುಕಟ್ಟೆಗಳು, 1967ರಿಂದ 1981ರ ನಡುವೆ ಒಂದೊಂದಾಗಿ ಮುಚ್ಚಿದವು. ಲಂಡನ್ ಕೆಲಕಾಲ ಕುಗ್ಗಿ, 1980ರ ದಶಕದ ನಂತರ ಮತ್ತೆ ಬೆಳೆಯಿತು, ಮುಚ್ಚಿದ ಡಾಕ್‌ಗಳ ಜಾಗದಲ್ಲಿ ಬ್ಯಾಂಕುಗಳ ಗೋಪುರಗಳು ಎದ್ದವು. ಹೊಸ ಬಂದರಿಗೆ ಊರು ಹುಟ್ಟಲಿಲ್ಲ, ಹಳೆಯ ಊರಿಗೆ ಬಂದರು ಬೇಕಾಗಲಿಲ್ಲ.

ಅನುಮಾನಿ

ಅಂದರೆ 1850ರಲ್ಲಿ ಹಳಿ ಸಿಕ್ಕವರಿಗೆ ಸಿಕ್ಕ ಅದೃಷ್ಟ ಇಂದು ಹೊಸ ಸೌಕರ್ಯ ಪಡೆದವರಿಗೆ ಸಿಗುವುದಿಲ್ಲ ಎಂದಾಯಿತು. ಇದನ್ನು ಹೊಸ ಬಂದರು, ಹೊಸ ಹೆದ್ದಾರಿ ಬಂದರೆ ಊರು ಉದ್ಧಾರವಾಗುತ್ತದೆ ಎಂದು ಶಂಕುಸ್ಥಾಪನೆ ಮಾಡುವವರಿಗೆ ಯಾರಾದರೂ ತಿಳಿಸಿ.

ಜನಗಣಿತ

ಪೂರ್ತಿ ಹಾಗಲ್ಲ. ಬ್ರೆಜಿಲ್‌ನ ರಾಜಧಾನಿ ಬ್ರೆಸಿಲಿಯಾ 1960ರಲ್ಲಿ ಬರಿಯ ಸವನ್ನಾದ ನಡುವೆ ಎದ್ದದ್ದು. 2022ರ ಗಣತಿಯಲ್ಲಿ ಆ ಫೆಡರಲ್ ಜಿಲ್ಲೆಗೆ 28 ಲಕ್ಷ ಜನ. ಆದರೆ ಅಲ್ಲಿಗೆ ರಸ್ತೆ ಮಾತ್ರ ಹೋಗಲಿಲ್ಲ, ಇಡೀ ಸರ್ಕಾರದ ಸಂಬಳದ ಪಟ್ಟಿಯೇ ಹೋಯಿತು. ನಿಮ್ಮ ಶಂಕುಸ್ಥಾಪನೆಯವರು ಅಷ್ಟು ಕೊಡಲು ಸಿದ್ಧರಿದ್ದರೆ ಜಾಗ ಯಾವುದಾದರೂ ನಡೆದೀತು, ನೀರು ಇದ್ದರೆ.